ಕಳೆ ಕಡಿಮೆ ಇರುವಲ್ಲಿ ಗುದ್ದಲಿ ಹಾಕಿ

ಮುಂಗಾರು ಕಾಲಿಟ್ಟ ಕೂಡಲೇ ಈ ಅಂಕಣಕ್ಕೆ ಒಂದೇ ಧಾಟಿಯ ಪ್ರಶ್ನೆಗಳು ಬರತೊಡಗುತ್ತವೆ. ಯಲಹಂಕದ ನಿವೃತ್ತರೊಬ್ಬರು ಸಿಂಗನಾಯಕನಹಳ್ಳಿ ಕಡೆ ಕೊಂಡಿಟ್ಟ ಅರ್ಧ ಎಕರೆಯಲ್ಲಿ ಕಾಲಿಡಲಾಗದಷ್ಟು ಲಂಟಾನ ಹಬ್ಬಿದೆ, ಜೆಸಿಬಿ ಕರೆಸಿಬಿಡಲೇ ಎಂದು ಕೇಳುತ್ತಾರೆ. ಜಕ್ಕೂರಿನ ಯುವಕರ ಗುಂಪೊಂದು ಭಾನುವಾರ ಬೆಳಗ್ಗೆ ಕೆರೆ ಏರಿಯ ಪೊದೆ ಸವರಲು ಹೊರಟಿದೆ. ಎಂಥ ಮಚ್ಚು ಒಳ್ಳೆಯದು ಎನ್ನುವುದು ಅವರ ವಿಚಾರಣೆ. ಆರ್.ಟಿ. ನಗರದ ಗೃಹಿಣಿಗೆ ಪಕ್ಕದ ಖಾಲಿ ಸೈಟಿನದೇ ಚಿಂತೆ. ಎಷ್ಟು ಸಲ ಕಡಿಸಿದರೂ ಮೊದಲಿಗಿಂತ ದಟ್ಟವಾಗಿ ಚಿಗುರುತ್ತದಂತೆ. ಸೊಳ್ಳೆ, ಹಾವಿನ ಭಯ ಬೇರೆ.

ಇವರೆಲ್ಲರಿಗೂ ನನ್ನದು ಒಂದೇ ಉತ್ತರ. ಲಂಟಾನ ತೆಗೆಯುವುದು ಅಂಥ ದೊಡ್ಡ ಕೆಲಸವಲ್ಲ, ತೆಗೆದ ಜಾಗವನ್ನು ಉಳಿಸಿಕೊಳ್ಳುವುದು ದೊಡ್ಡ ಕೆಲಸ. ಹಾಗಾಗಿ ಯಾವುದರಿಂದ ಕಡಿಯುತ್ತೀರಿ ಎನ್ನುವುದಕ್ಕಿಂತ ಎಲ್ಲಿಂದ ಶುರು ಮಾಡುತ್ತೀರಿ, ಮತ್ತೆ ಯಾವಾಗ ಬರುತ್ತೀರಿ ಎನ್ನುವುದೇ ಮುಖ್ಯ. ಶುರು ಮಾಡಬೇಕಾದದ್ದು ಪೊದೆ ದಟ್ಟವಾಗಿರುವ ಕಡೆಯಲ್ಲ, ತೆಳುವಾಗಿರುವ ಕಡೆ. ಈ ಮಾತು ಹಲವರಿಗೆ ತಲೆಕೆಳಗಾಗಿ ಕಾಣುತ್ತದೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಲಂಟಾನ ನಮ್ಮ ನೆಲದ್ದಲ್ಲ. ಅಮೆರಿಕ ಖಂಡದ ಉಷ್ಣವಲಯದಿಂದ ಹೊರಟು, ಯುರೋಪಿನ ಹೂದೋಟಗಳನ್ನು ಸುತ್ತಿ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂತು. ಹಳದಿ, ಕೇಸರಿ, ಗುಲಾಬಿ ಹೂಗಳನ್ನು ಮೆಚ್ಚಿ ಬಂಗಲೆಗಳ ಬೇಲಿಗೂ ನೆಟ್ಟರು. ಎರಡು ಶತಮಾನ ಕಳೆಯುವುದರೊಳಗೆ ಅದು ಬೇಲಿ ಹಾರಿ ದೇಶದ ಕಾಡುಗಳನ್ನೇ ಹೊಕ್ಕಿತು. ಭಾರತದ ಹುಲಿ ನೆಲೆಗಳ ಶೇ. 40ಕ್ಕೂ ಹೆಚ್ಚು ಭಾಗಕ್ಕೆ ಲಂಟಾನದ ಬೆದರಿಕೆ ಇದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ನಮ್ಮ ಬಿಳಿಗಿರಿರಂಗನ ಬೆಟ್ಟದ್ದೇ ಲೆಕ್ಕ ನೋಡಿ. 1997ರಲ್ಲಿ ಸಂಶೋಧಕರು ಗುರುತು ಮಾಡಿಟ್ಟ ತಾಕುಗಳಲ್ಲಿ ಶೇ. 41ರಷ್ಟರಲ್ಲಿ ಮಾತ್ರ ಲಂಟಾನ ಇತ್ತು. 2008ರಲ್ಲಿ ಮತ್ತೆ ಹೋಗಿ ನೋಡಿದಾಗ ಅದು ಶೇ. 81ಕ್ಕೆ ಏರಿತ್ತು. ಈ ಲೆಕ್ಕ ಹಾಕಿದ ಏಟ್ರೀ ಸಂಸ್ಥೆಯ ಕಚೇರಿ ಇರುವುದು ನಮ್ಮ ಜಕ್ಕೂರಿನ ಪಕ್ಕದಲ್ಲೇ.

ಉತ್ತರ ಬೆಂಗಳೂರಿನಲ್ಲಿ ಇದರ ಹಾವಳಿ ಹೆಚ್ಚಲು ಕಾರಣ ನಮ್ಮ ಜಮೀನುಗಳ ಸ್ಥಿತಿ. ರಾಗಿ ಬೆಳೆಯುತ್ತಿದ್ದ ಹೊಲ ಬಡಾವಣೆಯಾಗಲು ಕಾದು ಬೀಡು ಬಿದ್ದಿದೆ. ಬಡಾವಣೆಯಾದ ಮೇಲೆ ಸೈಟುಗಳು ಬೆಲೆ ಏರಲೆಂದು ಖಾಲಿ ಕೂತಿವೆ. ಉಳುವವರಿಲ್ಲ, ದನ ಮೇಯುವುದಿಲ್ಲ, ಸೌದೆಗೆ ಬರುವವರೂ ಇಲ್ಲ. ಬಿಸಿಲು ಬೀಳುವ, ಯಾರೂ ಕೇಳದ ನೆಲ ಲಂಟಾನಕ್ಕೆ ಬಲು ಪ್ರಿಯ. ಜಾರಕಬಂಡೆ ಕಾವಲಿನ ಅಂಚು, ಹೆಸರಘಟ್ಟ ರಸ್ತೆಯ ಇಕ್ಕೆಲ, ಕೆರೆ ಏರಿಗಳು, ರೈಲು ಹಳಿಯ ಬದಿ, ಎಲ್ಲ ಕಡೆಯೂ ಕತೆ ಒಂದೇ.

ಇನ್ನು ಕಡಿದರೆ ಏಕೆ ಹೆಚ್ಚುತ್ತದೆ? ಲಂಟಾನದ ಜೀವ ಇರುವುದು ಕಾಂಡದಲ್ಲಲ್ಲ, ಕಾಂಡವೂ ಬೇರೂ ಕೂಡುವ ಬುಡದ ಗಂಟಿನಲ್ಲಿ. ಮಚ್ಚಿನಿಂದ ಮೊಣಕಾಲೆತ್ತರಕ್ಕೆ ಸವರಿದರೆ ಆ ಗಂಟಿನಲ್ಲಿ ಮಲಗಿದ್ದ ಮೊಗ್ಗುಗಳೆಲ್ಲ ಏಳುತ್ತವೆ. ಒಂದು ಕಾಂಡ ಇದ್ದಲ್ಲಿ ಐದಾರು ಹೊರಡುತ್ತವೆ. ಬೆಂಕಿ ಇಟ್ಟರೂ ಅಷ್ಟೇ. ಮೇಲಿನದು ಸುಟ್ಟು ಹೋಗುತ್ತದೆ, ಗಂಟು ಮಣ್ಣಿನೊಳಗೆ ಕ್ಷೇಮವಾಗಿರುತ್ತದೆ, ಸುತ್ತಲಿನ ಹುಲ್ಲು, ಸಣ್ಣ ಸಸಿಗಳು ಮಾತ್ರ ಸಾಯುತ್ತವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಕಾಡಿನಲ್ಲಿ ಬೇಸಿಗೆಯ ಮೊದಲಲ್ಲೇ ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರಲ್ಲ, ಅದು ಏನೆಂದು ಕೇಳುವವರಿದ್ದಾರೆ. ಆ ತರಗು ಬೆಂಕಿ ಲಂಟಾನದ ಎಳೆ ಸಸಿಗಳನ್ನು ಹತೋಟಿಯಲ್ಲಿಟ್ಟಿತ್ತು, ಅಭಯಾರಣ್ಯವಾದ ಮೇಲೆ ಬೆಂಕಿ ನಿಂತದ್ದರಿಂದಲೇ ಕಳೆ ಏರಿತು ಎನ್ನುವುದು ಸೋಲಿಗ ಹಿರಿಯರ ವಾದ. ಅದರಲ್ಲಿ ತೂಕವಿದೆ. ಆದರೆ ಅದು ಕಾಡನ್ನು ತಲೆಮಾರುಗಳಿಂದ ಬಲ್ಲವರ ಕೈಯ ಬೆಂಕಿ. ಮನೆ, ಟ್ರಾನ್ಸ್‌ಫಾರ್ಮರ್, ಗ್ಯಾಸ್ ಪೈಪುಗಳ ನಡುವಿನ ಸೈಟಿನಲ್ಲಿ ಬೆಂಕಿ ಹಚ್ಚುವುದು ಅಪರಾಧ, ಅಪಾಯ, ಜೊತೆಗೆ ನಿಷ್ಪ್ರಯೋಜಕ.

ಜೆಸಿಬಿಯ ಸಮಾಚಾರ ಬೇರೆ. ಅದು ಗಂಟನ್ನೂ ಕಿತ್ತೆಸೆಯುತ್ತದೆ ನಿಜ. ಜೊತೆಗೆ ಮೇಲ್ಮಣ್ಣನ್ನೂ ಮಗುಚುತ್ತದೆ. ವರ್ಷಗಟ್ಟಲೆ ಉದುರಿ ಹೂತಿದ್ದ ಬೀಜಗಳಿಗೆ ಗಾಳಿ, ಬೆಳಕು, ನೀರು ಒಟ್ಟಿಗೇ ಸಿಗುತ್ತವೆ. ರಾಜಾನುಕುಂಟೆ ಆಚೆ ನನ್ನ ಪರಿಚಿತರೊಬ್ಬರು ಹೀಗೆ ಜಮೀನು ಬೋಳಿಸಿದರು. ಮಳೆ ಬಿದ್ದದ್ದೇ ತಡ, ಕಾಂಗ್ರೆಸ್ ಗಿಡ ಎದೆಮಟ್ಟ ಎದ್ದಿತು. ಅದರಡಿಯಲ್ಲಿ ಲಂಟಾನದ ಸಸಿಗಳು ಹಾಸು ಹಾಸಾಗಿ. ಮನೆ ಕಟ್ಟಲು ಅಡಿಪಾಯ ತೋಡುವವರಿಗೆ ಜೆಸಿಬಿ ಸರಿ. ನೆಲವನ್ನು ನೆಲವಾಗಿ ಇಟ್ಟುಕೊಳ್ಳುವವರಿಗೆ ಅದು ದುಬಾರಿ ಬಾಡಿಗೆ ಕೊಟ್ಟು ಹೊಸ ಕಳೆ ಬಿತ್ತಿಸಿದ ಹಾಗೆ.

ಕಳೆನಾಶಕದ ಬಗ್ಗೆಯೂ ಕೇಳುತ್ತಾರೆ. ಎಲ್ಲರ ಬಾಯಲ್ಲಿರುವ ಗ್ಲೈಫೋಸೇಟನ್ನು ಕೀಟ ನಿಯಂತ್ರಣದ ಪರವಾನಗಿ ಇರುವವರು ಮಾತ್ರ ಬಳಸಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿತು. ಕೆರೆ ಏರಿಯ ಮೇಲೆ, ಬೋರ್‌ವೆಲ್ ಪಕ್ಕದಲ್ಲಿ, ಮಕ್ಕಳು ಸೇರಿದ ಭಾನುವಾರದ ಶ್ರಮದಾನದಲ್ಲಿ ಬೆನ್ನಿಗೆ ಸ್ಪ್ರೇಯರ್ ಕಟ್ಟಿಕೊಂಡು ಓಡಾಡುವುದು ಬೇಡವೇ ಬೇಡ. ಅದಿಲ್ಲದೆಯೂ ಕೆಲಸ ಆಗುತ್ತದೆ.

ಆ ಕೆಲಸದ ಕ್ರಮವನ್ನು ರೂಪಿಸಿಕೊಟ್ಟವರು ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು. ಕಾರ್ಬೆಟ್ ಹುಲಿ ರಕ್ಷಿತಾರಣ್ಯದಲ್ಲಿ ಪ್ರಯೋಗ ಮಾಡಿ 2009ರಲ್ಲಿ ಪ್ರಕಟಿಸಿದರು. ಇಡೀ ಬೇರನ್ನು ಅಗೆಯುವ ಗೋಜಿಗೆ ಹೋಗಬೇಡಿ, ಗಂಟಿನ ಕೆಳಗೆ ತಾಯಿಬೇರನ್ನು ಕತ್ತರಿಸಿದರೆ ಸಾಕು ಎನ್ನುವುದು ಅದರ ಸಾರ. ಕತ್ತರಿಸುವ ಆಳ ಮಣ್ಣಿನ ಮಟ್ಟದಿಂದ ಮೂರರಿಂದ ಐದು ಸೆಂಟಿಮೀಟರ್, ಅಂದರೆ ಎರಡು ಮೂರು ಬೆರಳು. ಅದರ ಕೆಳಗೆ ಉಳಿದ ಬೇರು ಚಿಗುರುವುದಿಲ್ಲ. ಅದು ಅಲ್ಲೇ ಕೊಳೆತು ಮಣ್ಣಾಗಲಿ.

ಒಂದು ಪೊದೆಯ ಮುಂದೆ ನಿಂತಾಗ ಕೆಲಸ ಹೀಗೆ ಸಾಗುತ್ತದೆ. ಇಬ್ಬರು ಬೇಕು. ಒಬ್ಬರ ಕೈಯಲ್ಲಿ ಎದೆಯುದ್ದದ ಕವಲು ಕೋಲು. ಮುಳ್ಳುಮುಳ್ಳಾದ ಹೊರಗಿನ ರೆಂಬೆಗಳನ್ನು ಕವಲಿಗೆ ಸಿಕ್ಕಿಸಿ ಮೇಲೆತ್ತಿ ಒಂದು ಪಕ್ಕಕ್ಕೆ ಒತ್ತಿ ಹಿಡಿಯುವುದು ಅವರ ಕೆಲಸ. ಇನ್ನೊಬ್ಬರು ಬಗ್ಗಿ ಕುಡುಗೋಲಿನಿಂದ ಬುಡದ ಸುತ್ತಲಿನ ಸಣ್ಣ ಕಡ್ಡಿ, ತರಗು ಸರಿಸುತ್ತಾರೆ. ಆಗ ಗಂಟು ಕಾಣಿಸುತ್ತದೆ: ತೊಗಟೆ ಸುಲಿದ, ಮುಷ್ಟಿ ಗಾತ್ರದಿಂದ ತೆಂಗಿನಕಾಯಿ ಗಾತ್ರದವರೆಗಿನ ಬೂದು ಮುದ್ದೆ. ಪಿಕಾಸಿಯ ಚಪ್ಪಟೆ ಬಾಯಿಯನ್ನು ನೇರಕ್ಕೆ ಹೊಡೆಯದೆ ಪಕ್ಕದಿಂದ ಓರೆಯಾಗಿ, ಗಂಟಿನ ಅಡಿಗೆ ನುಗ್ಗುವಂತೆ ಹೊಡೆಯಬೇಕು. ನೆಲ ಹಸಿಯಾಗಿದ್ದರೆ ಎರಡು ಮೂರು ಏಟಿಗೆ ತಾಯಿಬೇರು ಟಕ್ಕೆಂದು ಕಡಿಯುತ್ತದೆ, ಹಿಡಿ ಒತ್ತಿದರೆ ಇಡೀ ಪೊದೆ ಮೇಲೇಳುತ್ತದೆ. ಮುಗಿಯಿತೆಂದು ಹಾಗೇ ಬಿಟ್ಟು ಹೋಗುವಂತಿಲ್ಲ. ಪೊದೆಯನ್ನು ಬೋರಲು ಹಾಕಿ, ಗಂಟು ಆಕಾಶ ನೋಡುವಂತೆ ಒಣಗಲು ಬಿಡಬೇಕು. ಮಗ್ಗುಲಿಗೆ ಬಿದ್ದ ಗಂಟಿಗೂ ರೆಂಬೆಗೂ ಹಸಿಮಣ್ಣು ತಾಗಿದರೆ ಮಳೆಗಾಲದಲ್ಲಿ ಮತ್ತೆ ಬೇರಿಳಿಸುವ ಗಟ್ಟಿ ಜೀವ ಅದು. ಕಾಯಿ ಹಣ್ಣುಗಳ ಗೊಂಚಲಿದ್ದರೆ ಮೊದಲೇ ಕತ್ತರಿಸಿ ಚೀಲಕ್ಕೆ ತುಂಬಿಕೊಳ್ಳಿ.

ಕೈಗೆ ದಪ್ಪನೆಯ ಚರ್ಮದ ಗವಸು, ತುಂಬು ತೋಳಿನ ಅಂಗಿ, ಕಾಲಿಗೆ ಬೂಟು ಇರಲಿ. ಬಟ್ಟೆಯ ಗವಸನ್ನು ಈ ಮುಳ್ಳು ಲೆಕ್ಕಕ್ಕೇ ಇಡುವುದಿಲ್ಲ. ಕೈ ಹಾಕುವ ಮೊದಲು ಕೋಲಿನಿಂದ ಪೊದೆ ಅಲುಗಿಸಿ. ಒಳಗಿರುವ ಹಾವಿಗೆ ಹೊರಡಲು ಹೊತ್ತು ಕೊಡಿ.

ಯಾವಾಗ ಮಾಡಬೇಕು? ಬೇಸಿಗೆಯಲ್ಲಿ ನಮ್ಮ ಕಡೆಯ ಕೆಂಪು ಗರಸು ನೆಲಕ್ಕೆ ಪಿಕಾಸಿ ಹಾಕಿದರೆ ಕಿಡಿ ಹಾರುತ್ತದೆ. ಮೃಗಶಿರ, ಆರಿದ್ರ ಮಳೆಗಳು ಬಿದ್ದು ನೆಲ ಮೆತ್ತಗಾದಾಗ, ಹೂವು ಕಾಯಾಗುವ ಮೊದಲು ಮಾಡಿದರೆ ಶ್ರಮ ಅರ್ಧ ಇಳಿಯುತ್ತದೆ. ಬೆಂಗಳೂರಿಗೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಜೂನ್‌ನಲ್ಲಿ ಕಿತ್ತ ಜಾಗದಲ್ಲಿ ಬೀಜದ ಸಸಿಗಳು ಏಳುವುದು ಆಗಲೇ. ಆದ್ದರಿಂದ ಜೂನ್‌ನಲ್ಲಿ ಬಂದವರು ಅಕ್ಟೋಬರಿನಲ್ಲೂ ಬರಲೇಬೇಕು. ಆಗ ಸಸಿ ಬೆರಳುದ್ದ ಇರುತ್ತದೆ, ಎರಡು ಬೆರಳಲ್ಲಿ ಹಿಡಿದೆಳೆದರೆ ಬೇರುಸಹಿತ ಬರುತ್ತದೆ. ಗುರುತು ಸುಲಭ: ಕಾಂಡ ಚೌಕ, ಎಲೆ ಒರಟು, ಉಜ್ಜಿದರೆ ಮೂಗಿಗೆ ಹೊಡೆಯುವ ವಾಸನೆ. ಎಲ್ಲಿ ಹುಡುಕಬೇಕೆಂದು ತೋರಿಸುವುದು ಹಕ್ಕಿಗಳು. ಪಿಕಳಾರ, ಗೊರವಂಕಗಳು ಹಣ್ಣು ತಿಂದು ಕೂರುವ ಮರದ ಕೆಳಗೆ, ಕರೆಂಟು ತಂತಿಯ ಕೆಳಗೆ, ಕಾಂಪೌಂಡು ಗೋಡೆಯ ಬುಡದಲ್ಲಿ ಸಸಿಗಳು ಹೆಚ್ಚು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಸ್ವಯಂಸೇವಕರ ಗುಂಪುಗಳು ಸಾಮಾನ್ಯವಾಗಿ ಎಲ್ಲಕ್ಕಿಂತ ದಟ್ಟವಾದ ಪೊದೆಗೇ ಮೊದಲು ನುಗ್ಗುತ್ತವೆ. ಅಲ್ಲಿ ಕಿತ್ತದ್ದು ಕಣ್ಣಿಗೆ ಕಾಣುತ್ತದೆ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬಹುದಾದಷ್ಟು ದೊಡ್ಡ ರಾಶಿ ಬೀಳುತ್ತದೆ. ಆದರೆ ಆ ದಟ್ಟ ಪೊದೆಯ ಅಡಿಯಲ್ಲಿ ಬೇರೆ ಯಾವ ಗಿಡವೂ ಉಳಿದಿರುವುದಿಲ್ಲ. ಉಳಿದಿರುವುದು ಬರಿ ಮಣ್ಣು ಮತ್ತು ಲಂಟಾನದ ಬೀಜ. ತೆರವಾದ ನೆಲವನ್ನು ಹಿಡಿದುಕೊಳ್ಳಲು ಯಾರೂ ಇಲ್ಲದ್ದರಿಂದ ಮತ್ತೆ ಅದೇ ಬರುತ್ತದೆ, ಇಲ್ಲವೇ ಕಾಂಗ್ರೆಸ್ ಗಿಡ ಬರುತ್ತದೆ. ಮುಂದಿನ ವರ್ಷ ಗುಂಪಿನ ಅರ್ಧ ಜನ ಬೇಸತ್ತು ಮನೆಯಲ್ಲಿರುತ್ತಾರೆ.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಜೋನ್ ಮತ್ತು ಐಲೀನ್ ಬ್ರಾಡ್ಲಿ ಎಂಬ ಸೋದರಿಯರು 1960ರ ದಶಕದಲ್ಲಿ ತಮ್ಮ ಮನೆ ಹತ್ತಿರದ ಕುರುಚಲು ಕಾಡಿನಲ್ಲಿ ಇದಕ್ಕೆ ವಿರುದ್ಧ ದಾರಿ ಹಿಡಿದರು. ಅಲ್ಲಿಯೂ ಲಂಟಾನ ದೊಡ್ಡ ಪೀಡೆಯೇ. ಅವರು ಇಟ್ಟುಕೊಂಡ ನಿಯಮ ಮೂರು. ಚೆನ್ನಾಗಿ ಉಳಿದಿರುವ ಕಡೆಯಿಂದ ಕೆಟ್ಟಿರುವ ಕಡೆಗೆ ಸಾಗುವುದು. ಮಣ್ಣನ್ನು ಆದಷ್ಟೂ ಕೆದಕದಿರುವುದು. ನಾಡ ಗಿಡಗಳು ತೆರವಾದ ಜಾಗವನ್ನು ತುಂಬಿಕೊಳ್ಳುವವರೆಗೆ ಮುಂದಿನ ಹೆಜ್ಜೆ ಇಡದಿರುವುದು. ಕೈಯಲ್ಲಿ ಸಣ್ಣ ಸಲಕರಣೆ, ಜೊತೆಯಲ್ಲಿ ನಾಯಿ, ಇಷ್ಟೇ ಇಟ್ಟುಕೊಂಡು ಅವರು ಮಾಡಿದ ಕೆಲಸ ಆಮೇಲೆ ಆ ದೇಶದ ಸ್ವಯಂಸೇವಕರಿಗೆಲ್ಲ ಪಾಠವಾಯಿತು.

ನಮ್ಮಲ್ಲಿಯೂ ಇದು ನಡೆಯುತ್ತದೆ. ತಂಗಡಿ, ಬಂದರಿಕೆ, ಲಕ್ಕಿ, ಕವಳೆ, ಕಾರೆ, ಹುಲ್ಲು ಇನ್ನೂ ಉಳಿದಿದ್ದು ಅಲ್ಲೊಂದು ಇಲ್ಲೊಂದು ಲಂಟಾನ ತಲೆ ಎತ್ತಿರುವ ಅಂಚನ್ನು ಹುಡುಕಿ. ಅಲ್ಲಿ ಒಂದು ಗಿಡ ಕಿತ್ತರೆ ಪಕ್ಕದ ಹುಲ್ಲು ಒಂದೇ ಮಳೆಗಾಲದಲ್ಲಿ ಆ ಜಾಗವನ್ನು ಮುಚ್ಚುತ್ತದೆ. ನಿಮ್ಮ ಕೆಲಸ ಅಲ್ಲಿಗೆ ಮುಗಿದ ಹಾಗೆಯೇ. ಅಲ್ಲಿಂದ ಒಳಕ್ಕೆ ಒಂದೊಂದೇ ಪಟ್ಟಿ ಹಿಡಿದು ಸಾಗಿ. ಹತ್ತು ಜನರ ಗುಂಪಿಗೆ ಒಂದು ಋತುವಿಗೆ ಎರಡು ಮೂರು ಗುಂಟೆ ಸಾಕು. ಕಡಿಮೆಯಾಯಿತಲ್ಲ ಎನಿಸಬಹುದು. ಮೂರು ವರ್ಷ ಹಿಂತಿರುಗಿ ನೋಡಲು ಸಾಧ್ಯವಾಗುವಷ್ಟೇ ಜಾಗ ನಿಜವಾಗಿ ನಿಮ್ಮ ಕೈಗೆ ಬಂದ ಜಾಗ. ಉಳಿದದ್ದು ಲಂಟಾನ ನಿಮ್ಮಿಂದ ಸವರಿಸಿಕೊಂಡ ಜಾಗ.

ಜಮೀನಿನ ಮಾಲೀಕರಿಗೆ ಇನ್ನೊಂದು ಅನುಕೂಲವಿದೆ: ಅವರು ಬಿತ್ತಬಹುದು. ತೆರವಾದ ನೆಲಕ್ಕೆ ಮಘೆ, ಹುಬ್ಬೆ ಮಳೆಯ ಹೊತ್ತಿಗೆ ಹುರುಳಿ ಎರಚಿಬಿಡಿ. ಹೆಚ್ಚು ಆರೈಕೆ ಕೇಳದ ಬೆಳೆ, ಬೇಗ ಹಬ್ಬಿ ನೆಲ ಮುಚ್ಚುತ್ತದೆ, ಕೈಗೆ ನಾಲ್ಕು ಸೇರು ಕಾಳೂ ಬಂದರೆ ಲಾಭವೇ. ಅಂಚಿಗೆ ತಂಗಡಿ, ಲಕ್ಕಿ, ಹೊಂಗೆ ಹಾಕಿ. ಆದರೆ ಎಲ್ಲ ಕಡೆಯೂ ಮರ ನೆಡುವುದು ಪರಿಹಾರವಲ್ಲ. ಹೆಸರಘಟ್ಟದ ಹುಲ್ಲುಗಾವಲು ಅದಕ್ಕೆ ಉದಾಹರಣೆ. ಸುಮಾರು 5,678 ಎಕರೆಯ ಆ ಬಯಲನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿದ್ದು ಅದು ಹುಲ್ಲುಗಾವಲು ಎಂಬ ಕಾರಣಕ್ಕೇ. ಅಂಥ ಕಡೆ ಕಳೆ ತೆಗೆದ ಉತ್ಸಾಹದಲ್ಲಿ ಸಸಿ ನೆಟ್ಟರೆ ಒಂದು ತಪ್ಪಿನ ಜಾಗದಲ್ಲಿ ಇನ್ನೊಂದನ್ನು ತಂದಂತೆ. ಹುಲ್ಲಿನ ನೆಲಕ್ಕೆ ಹುಲ್ಲೇ ಬರಲಿ.

ಇಷ್ಟೆಲ್ಲ ಮೈಮುರಿಯುವ ಬದಲು ಇದನ್ನು ತಿನ್ನುವ ಹುಳ ಬಿಡಬಾರದೇ ಎಂಬ ಪ್ರಶ್ನೆಯೂ ಸಹಜ. ಅದಕ್ಕೆ ಉತ್ತರ ಹುಡುಕುವ ರಾಷ್ಟ್ರೀಯ ಸಂಸ್ಥೆಯೇ ಹೆಬ್ಬಾಳದಲ್ಲಿದೆ, ಬಳ್ಳಾರಿ ರಸ್ತೆಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ. ಹುಳದಿಂದ ಕಳೆ ಗೆದ್ದದ್ದು ಸುಳ್ಳಲ್ಲ. 1926ರಲ್ಲಿ ಶ್ರೀಲಂಕಾದಿಂದ ತಂದ ಬಿಳಿ ಹಿಟ್ಟಿನಂಥ ಕೀಟ ದಕ್ಷಿಣ ಭಾರತದ ಪಾಪಸುಕಳ್ಳಿಯನ್ನು ಕೆಲವೇ ವರ್ಷಗಳಲ್ಲಿ ಮಣಿಸಿತು. ಕಾಂಗ್ರೆಸ್ ಗಿಡದ ಎಲೆ ಮೇಯುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಮೊದಲು ಬಿಟ್ಟದ್ದು ಬೆಂಗಳೂರಿನಲ್ಲೇ. ಈಗಲೂ ಮಳೆಗಾಲದಲ್ಲಿ ಕಾಂಗ್ರೆಸ್ ಗಿಡದ ಮೇಲೆ ಕಪ್ಪು ಗೀರಿನ ಬಿಳಿ ಹುಳ ಕಂಡರೆ ಅದೇ, ಕೊಲ್ಲಬೇಡಿ. ಲಂಟಾನಕ್ಕೂ ಪ್ರಯತ್ನ ನಡೆದಿದೆ. 1921ರಲ್ಲಿ ಹವಾಯಿಯಿಂದ ಹಣ್ಣು ಕೊರೆಯುವ ನೊಣ ಬಂತು, 1941ರಲ್ಲಿ ಆಸ್ಟ್ರೇಲಿಯಾದಿಂದ ಎಲೆ ಹೀರುವ ತಿಗಣೆ. ಎರಡೂ ನೆಲೆಯೂರಿದವು, ಲಂಟಾನ ಮಾತ್ರ ಕುಗ್ಗಲಿಲ್ಲ. ತೋಟಗಾರರು ಬೆರಕೆ ಮಾಡಿ ಮಾಡಿ ಹುಟ್ಟಿಸಿದ ಹತ್ತಾರು ತಳಿಗಳ ಕಲಸುಮೇಲೋಗರ ಅದು. ಒಂದು ತಳಿಯನ್ನು ಮೆಚ್ಚುವ ಹುಳ ಇನ್ನೊಂದನ್ನು ಮೂಸುವುದಿಲ್ಲ. ಎಲೆ ಬೋಳಾದರೂ ಗಂಟಿನಿಂದ ಮತ್ತೆ ಚಿಗುರುತ್ತದೆ. ಸದ್ಯಕ್ಕೆ ಪಿಕಾಸಿಯೇ ಗತಿ.

ಕಿತ್ತದ್ದನ್ನು ಏನು ಮಾಡುವುದು? ಒಣಗಿದ ಕಾಂಡ ಒಲೆಗೆ ಆಗುತ್ತದೆ, ಕಾಯಿಲ್ಲದ ಸೊಪ್ಪು ಮುಚ್ಚಿಗೆಗೆ ಆಗುತ್ತದೆ. ದನಕ್ಕೆ ಮಾತ್ರ ಹಾಕಬೇಡಿ. ಯಕೃತ್ತಿಗೆ ವಿಷ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಹಸಿರು ಕಾಯನ್ನು ಮಕ್ಕಳು ಬಾಯಿಗಿಡದಂತೆಯೂ ನೋಡಿಕೊಳ್ಳಿ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಇದೇ ಕಾಂಡವನ್ನು ಬೇಯಿಸಿ, ಸಿಪ್ಪೆ ತೆಗೆದು ಕುರ್ಚಿ, ಬುಟ್ಟಿ ಹೆಣೆಯುತ್ತಾರೆ. 2024ರಲ್ಲಿ ಲಾಲ್‌ಬಾಗಿನಲ್ಲಿ ನಿಂತಿದ್ದ ಲಂಟಾನದ ಆನೆಗಳನ್ನು ನೀವೂ ನೋಡಿರಬಹುದು. ಒಳ್ಳೆಯ ಕಸುಬು, ನಾಲ್ಕು ಮನೆಗೆ ಅನ್ನ ಕೊಡುತ್ತದೆ, ಕೊಂಡು ಪ್ರೋತ್ಸಾಹಿಸಿ. ಆದರೆ ಕುರ್ಚಿ ಮಾಡಿ ಲಂಟಾನ ಮುಗಿಸುತ್ತೇವೆಂದು ನಂಬಬೇಡಿ. ಕುಶಲಕರ್ಮಿಗೆ ಬೇಕಾದದ್ದು ನೆಟ್ಟನೆಯ ಕಾಂಡ, ಗಂಟು ಅವರಿಗೆ ಬೇಡ. ಗಂಟು ಉಳಿದರೆ ಕಳೆಯೂ ಉಳಿಯಿತು.

ಎರಡು ಎಚ್ಚರಿಕೆ ಹೇಳದಿದ್ದರೆ ಈ ಬರಹ ಅಪೂರ್ಣ. ಮೊದಲನೆಯದು, ಜಾಗ ಯಾರದ್ದೆಂದು ತಿಳಿಯಿರಿ. ಜಾರಕಬಂಡೆಯಂಥ ಅರಣ್ಯವಾಗಲಿ, ಪಕ್ಷಿ ಸಂರಕ್ಷಣಾ ಮೀಸಲಾಗಿರುವ ಯಲಹಂಕದ ಪುಟ್ಟೇನಹಳ್ಳಿ ಕೆರೆಯಾಗಲಿ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಒಂದು ಕಡ್ಡಿಯನ್ನೂ ಮುರಿಯುವಂತಿಲ್ಲ. ಉಳಿದ ಕೆರೆಗಳಿಗೆ ಪಾಲಿಕೆಯ ಕೆರೆ ವಿಭಾಗವನ್ನು, ಪಕ್ಕದ ಸೈಟಿಗೆ ಅದರ ಮಾಲೀಕರನ್ನು ಕೇಳಿ. ಎರಡನೆಯದು, ಊರೊಳಗೆ ಬೇರೆ ಪೊದೆಗಳೇ ಇಲ್ಲದ ಕಡೆ ಮುಂಗುಸಿ, ಮೊಲ, ಹರಟೆಮಲ್ಲ, ಪಿಕಳಾರಗಳಿಗೆ ಇದೇ ಲಂಟಾನ ಮನೆಯಾಗಿದೆ. ಪಿಕಾಸಿ ಎತ್ತುವ ಮೊದಲು ಗೂಡಿದೆಯೇ ನೋಡಿ. ಇದ್ದರೆ ಮರಿಗಳು ಹಾರುವವರೆಗೆ ಆ ಪೊದೆ ಬಿಡಿ. ಒಂದೇ ಸಲಕ್ಕೆ ಎಲ್ಲ ಬೋಳಿಸದೆ ಪಟ್ಟಿ ಪಟ್ಟಿಯಾಗಿ ಸಾಗಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಈ ಮಳೆಗಾಲದಲ್ಲಿ ಪಿಕಾಸಿ ಕೊಳ್ಳುವ ಮುಂಚೆ ಗುಂಪಿನವರೆಲ್ಲ ಕೂತು ಒಂದು ವಿಷಯ ತೀರ್ಮಾನಿಸಿ: ಅಕ್ಟೋಬರಿನಲ್ಲಿ ಯಾರು ಬರುತ್ತಾರೆ, ಮುಂದಿನ ಜೂನ್‌ನಲ್ಲಿ ಯಾರು ಬರುತ್ತಾರೆ. ಎಷ್ಟು ಜನ ಕೈ ಎತ್ತುತ್ತಾರೋ ಅವರಿಗೆ ತಕ್ಕಷ್ಟು ಜಾಗ ಅಳೆದು ಹಗ್ಗ ಕಟ್ಟಿ, ಕಳೆ ಕಡಿಮೆ ಇರುವ ಮೂಲೆಯಿಂದ ಶುರು ಮಾಡಿ. ಹಗ್ಗದ ಆಚೆಯದನ್ನು ಈ ವರ್ಷ ಮುಟ್ಟಬೇಡಿ.